ಬಿನ್ನಿಪೇಟೆಯಲ್ಲಿ ಬಿನ್ನಿ ಎಲ್ಲಿ? ಪಶ್ಚಿಮ ಬೆಂಗಳೂರನ್ನು ಕಟ್ಟಿದ ಕೆಲಸಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಪೂರ್ಣ ಬರಹ ರೂಪ. ಕೇಳಲು ಸಮಯ ಇಲ್ಲದವರು ಓದಬಹುದು.)



ಇವತ್ತು ಒಂದು ಸಣ್ಣ ಕೆಲಸದಿಂದ ಶುರು ಮಾಡೋಣ. ಫೋನಿನ ಮ್ಯಾಪ್ ತೆಗೆದು ‘ಬಿನ್ನಿಪೇಟೆ’ ಅಂತ ಹುಡುಕಿ. ಮಾಗಡಿ ರಸ್ತೆ, ಮೆಟ್ರೋ ನಿಲ್ದಾಣ, ಎತ್ತರದ ಅಪಾರ್ಟ್‌ಮೆಂಟು, ಮಾಲು, ಎಲ್ಲ ಕಾಣುತ್ತೆ. ಬಿನ್ನಿ ಮಾತ್ರ ಕಾಣಲ್ಲ. ಹಾಗಾದ್ರೆ ಈ ಬಿನ್ನಿ ಯಾರು? ಊರ ಹೆಸರಲ್ಲಿ ಉಳಿದು, ಊರಲ್ಲಿ ಇಲ್ಲದೆ ಹೋಗಿದ್ದು ಹೇಗೆ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಮನೆ, ಪಾರ್ಕು, ದರ್ಶಿನಿ, ಟ್ರಾಫಿಕ್ಕು. ಹಳೇ ಬೆಂಗಳೂರು ಅಂದ್ರೆ ಚಿಕ್ಕಪೇಟೆ, ಬಸವನಗುಡಿ. ಕೈಗಾರಿಕೆ ಅಂದ್ರೆ ಪೀಣ್ಯ. ಬ್ರಿಟಿಷರ ಕಾಲ ಅಂದ್ರೆ ದಂಡು ಪ್ರದೇಶ. ಪಶ್ಚಿಮ ಬೆಂಗಳೂರು ಇವ್ಯಾವುದರಲ್ಲೂ ಸೇರಲ್ಲ ಅನ್ನಿಸುತ್ತೆ. ಆದರೆ ಈ ಭಾಗ ಈ ರೂಪಕ್ಕೆ ಬಂದದ್ದು ಒಂದು ಬರ, ಒಂದು ರೈಲು ಹಳಿ ಮತ್ತು ಕೆಲವು ಬಟ್ಟೆ ಮಿಲ್ಲುಗಳಿಂದ. ಅದೂ ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಅಂದರೆ 1837ರಿಂದ 1901ರ ನಡುವೆ. ಆ ಕಥೆಯನ್ನ ಇವತ್ತು ಬಿಡಿಸಿ ನೋಡೋಣ.

ಬೀದಿಯ ಹೆಸರೇ ಕಸುಬಿನ ಬೋರ್ಡು

ಮೊದಲು ಪೇಟೆಗೆ ಹೋಗೋಣ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದು. ಇಲ್ಲಿ ಬೀದಿಯ ಹೆಸರು ಕೇಳಿದ್ರೆ ಸಾಕು, ಯಾರು ಏನು ಮಾಡ್ತಿದ್ರು ಅಂತ ಗೊತ್ತಾಗುತ್ತೆ. ಅಕ್ಕಿಪೇಟೆಯಲ್ಲಿ ಅಕ್ಕಿ, ರಾಗಿಪೇಟೆಯಲ್ಲಿ ರಾಗಿ, ತರಗುಪೇಟೆಯಲ್ಲಿ ದವಸ ಧಾನ್ಯ, ಬಳೇಪೇಟೆಯಲ್ಲಿ ಬಳೆ. ಅರಳೆಪೇಟೆಯಲ್ಲಿ ಹತ್ತಿ. ಗಾಣಿಗರಪೇಟೆಯಲ್ಲಿ ಎಣ್ಣೆ ಗಾಣ, ಕುಂಬಾರಪೇಟೆಯಲ್ಲಿ ಮಡಕೆ ಕುಡಿಕೆ. ತಿಗಳರಪೇಟೆಯಲ್ಲಿ ತೋಟದ ಕಸುಬಿನ ತಿಗಳರು. ಬೆಂಗಳೂರು ಕರಗ ನಡೆಸೋದು ಇದೇ ಸಮುದಾಯ.

ಇಲ್ಲಿ ಮನೆಯೂ ಅಂಗಡಿಯೂ ಕಾರ್ಖಾನೆಯೂ ಒಂದೇ. ಮುಂದೆ ಮಗ್ಗ, ಹಿಂದೆ ಅಡುಗೆಮನೆ. ಕಬ್ಬನ್‌ಪೇಟೆ ಸುತ್ತಮುತ್ತ ದೇವಾಂಗದವರು ಬಟ್ಟೆ ನೇಯ್ತಿದ್ರು. ಪಟ್ಟೇಗಾರರು ರೇಷ್ಮೆ ನೇಯ್ತಿದ್ರು. ಕುರುಬರು ಕುರಿ ಉಣ್ಣೆಯಿಂದ ಕಂಬಳಿ ನೇಯ್ತಿದ್ರು. ಅಪ್ಪ ಮಗ್ಗದ ಮೇಲೆ, ಅಮ್ಮ ನೂಲು ಸುತ್ತುತ್ತಾ, ಮಕ್ಕಳು ಕದಿರು ತುಂಬುತ್ತಾ, ಇಡೀ ಕುಟುಂಬವೇ ಒಂದು ಯೂನಿಟ್. ಯಾವಾಗ ಕೆಲಸ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದು ಅವರ ಕೈಯಲ್ಲೇ ಇತ್ತು. ಸಾಲ ಮಾತ್ರ ಸಾಹುಕಾರನ ಕೈಯಲ್ಲಿ.

ಒಂದೇ ಹೆಸರಿನ ಎರಡು ಊರು

ಈಗ ಒಂದು ಮುಖ್ಯ ವಿಷಯ. ಆ ಕಾಲದಲ್ಲಿ ಬೆಂಗಳೂರು ಒಂದು ಊರಾಗಿರಲಿಲ್ಲ, ಎರಡಾಗಿತ್ತು. ಪಶ್ಚಿಮಕ್ಕೆ ಪೇಟೆ, ಅಂದರೆ ಸಿಟಿ. ಪೂರ್ವಕ್ಕೆ 1809ರಲ್ಲಿ ಬ್ರಿಟಿಷರು ಸೈನ್ಯಕ್ಕಾಗಿ ಕಟ್ಟಿದ ದಂಡು, ಅಂದರೆ ಕಂಟೋನ್ಮೆಂಟ್. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಮುನ್ಸಿಪಾಲಿಟಿ ಬಂತು. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನ ಒಡೆಯರಿಗೆ ಹಿಂದಿರುಗಿಸಿದಾಗ ಪೇಟೆ ಮಹಾರಾಜರ ಆಡಳಿತಕ್ಕೆ ಹೋಯಿತು, ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಎರಡೂ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

1891ರ ಜನಗಣತಿ ನೋಡಿ. ಪೇಟೆಯಲ್ಲಿ 80,285 ಜನ, ದಂಡಿನಲ್ಲಿ 1,00,081 ಜನ. ಒಟ್ಟು ಸುಮಾರು 1 ಲಕ್ಷ 80 ಸಾವಿರ. ಇವತ್ತಿನ ಲೆಕ್ಕದಲ್ಲಿ ಒಂದು ವಿಧಾನಸಭಾ ಕ್ಷೇತ್ರಕ್ಕೂ ಕಡಿಮೆ!

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ದಂಡಿನಲ್ಲಿ ದುಡ್ಡು ಹುಟ್ಟುತ್ತಿದ್ದುದು ಸೈನ್ಯದ ಸಂಬಳದಿಂದ. ದರ್ಜಿ, ಬಾಣಸಿಗ, ಅಗಸ, ಕುದುರೆ ನೋಡ್ಕೊಳ್ಳೋರು, ಬೇಕರಿಯವರು, ಎಲ್ಲರಿಗೂ ಗಿರಾಕಿ ಸೈನ್ಯವೇ. ಪೇಟೆಯ ಗಿರಾಕಿ ಬೇರೆ: ಸುತ್ತಲಿನ ಹಳ್ಳಿ, ಮೈಸೂರು ಸೀಮೆ. ಹಾಗಾಗಿ ಹೊಗೆ ಕಾರುವ ದೊಡ್ಡ ಬಟ್ಟೆ ಮಿಲ್ಲು ಬಂದಾಗ ಅದು ಬಂಗಲೆ, ಪೆರೇಡ್ ಮೈದಾನಗಳ ಪಕ್ಕ ಬರಲಿಲ್ಲ. ಪೇಟೆಯ ಬೆನ್ನಿಗೆ, ಪಶ್ಚಿಮದ ಕಡೆಗೆ ಬಂತು. ಆ ದಿಕ್ಕಿಗೇ ಯಾಕೆ ಅನ್ನೋದಕ್ಕೆ ಉತ್ತರ ರೈಲು ಹಳಿಯಲ್ಲಿದೆ.

ಬರ ಹಾಕಿಸಿದ ಹಳಿ

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಜೋಲಾರ್‌ಪೇಟೆಯಿಂದ ದಂಡಿಗೆ. ಮದ್ರಾಸಿನ ಜೊತೆ ಸಂಪರ್ಕ ಆಯ್ತು. ಆದರೆ ಅದು ಊರಿನ ಪೂರ್ವ ತುದಿ.

ಆಮೇಲೆ 1876ರಿಂದ 78ರವರೆಗೆ ಭೀಕರ ಬರ ಬಂತು. ಹಳ್ಳಿಗಳ ಹಿರಿಯರು ‘ಧಾತು ಈಶ್ವರದ ಬರ’ ಅಂತ ಹೇಳ್ತಿದ್ರು. ಧಾತು, ಈಶ್ವರ ಅನ್ನೋದು ಆ ಎರಡು ಸಂವತ್ಸರಗಳ ಹೆಸರು. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಜನಸಂಖ್ಯೆ ಬೆಳೀಬೇಕಿತ್ತು, ಅದರ ಬದಲು 8 ಲಕ್ಷಕ್ಕೂ ಹೆಚ್ಚು ಕಡಿಮೆಯಾಯಿತು.

ಬರದಲ್ಲಿ ಹಸಿದವರಿಗೆ ಕೂಲಿ ಕೊಡೋದಕ್ಕೆ ಸರ್ಕಾರ ಶುರು ಮಾಡಿದ ದೊಡ್ಡ ಕಾಮಗಾರಿಗಳಲ್ಲಿ ಒಂದು ಬೆಂಗಳೂರು-ಮೈಸೂರು ರೈಲು ಮಾರ್ಗ. ಮಣ್ಣು ಹೊತ್ತು ಏರಿ ಹಾಕಿದವರಲ್ಲಿ ಬರದಿಂದ ಊರು ಬಿಟ್ಟು ಬಂದವರಿದ್ರು. 1882ರ ಹೊತ್ತಿಗೆ ಹಳಿ ಮೈಸೂರು ಮುಟ್ಟಿತು. ನಡುವೆ ಸಿಗುವ ಮೊದಲ ಊರುಗಳಲ್ಲಿ ಒಂದು ನಮ್ಮ ಕೆಂಗೇರಿ. ಅಂದರೆ ಕೆಂಗೇರಿಗೆ ಮೆಟ್ರೋ ಬರೋ ಸುಮಾರು 140 ವರ್ಷ ಮೊದಲೇ ರೈಲು ಬಂದಿತ್ತು. ಅದೇ 1880ರ ದಶಕದಲ್ಲಿ ಯಶವಂತಪುರದ ಕಡೆಯಿಂದ ತುಮಕೂರಿಗೂ ಹಳಿ ಹೋಯ್ತು.

ಇನ್ನೊಂದು ತಮಾಷೆ ನೋಡಿ. ಮದ್ರಾಸ್ ಕಡೆಯ ಹಳಿ ಬ್ರಾಡ್‌ಗೇಜ್, ಅಂದರೆ 1,676 ಮಿಲಿಮೀಟರ್ ಅಗಲ. ಮೈಸೂರು ಕಡೆಯ ಹಳಿ ಮೀಟರ್‌ಗೇಜ್, 1,000 ಮಿಲಿಮೀಟರ್. ಒಂದರ ಬೋಗಿ ಇನ್ನೊಂದರ ಮೇಲೆ ಓಡಲ್ಲ. ಹಾಗಾಗಿ ಒಂದು ಕಡೆಯಿಂದ ಬಂದ ಮೂಟೆಯನ್ನ ಬೆಂಗಳೂರಲ್ಲಿ ಇಳಿಸಿ, ಇನ್ನೊಂದು ರೈಲಿಗೆ ಏರಿಸಬೇಕು. ಇಳಿಸಿ ಏರಿಸೋದಕ್ಕೆ ಹಮಾಲಿಗಳು ಬೇಕು, ಗಾಡಿ ಬೇಕು, ಗೋದಾಮು ಬೇಕು. ಮೆಜೆಸ್ಟಿಕ್ ಪಕ್ಕದ ಗೂಡ್ಸ್‌ಶೆಡ್ ರಸ್ತೆಯ ಹೆಸರಲ್ಲಿ ಆ ಕಾಲದ ಸರಕಿನ ನೆನಪಿದೆ. ಎಂಜಿನಿಯರ್‌ಗೆ ತಲೆನೋವಾದದ್ದು ಸಾವಿರಾರು ಕೂಲಿಗಳಿಗೆ ಅನ್ನವಾಯ್ತು.

ಈಗ ಆ ಕಾಲದ ನಕ್ಷೆಯನ್ನ ಮನಸ್ಸಲ್ಲೇ ಬರ್ಕೊಳ್ಳಿ. ಪೂರ್ವಕ್ಕೆ ನೇಕಾರರೂ ಕೂಲಿಗಳೂ ತುಂಬಿದ ಪೇಟೆ. ಅದರ ಪಕ್ಕದಲ್ಲೇ ಸಿಟಿ ರೈಲು ನಿಲ್ದಾಣ. ಹಳಿ ದಾಟಿದ್ರೆ ಮಾಗಡಿ ರಸ್ತೆ, ಹೊಲ, ಖಾಲಿ ಜಾಗ, ಕೆರೆ ನೀರು. ಮಿಲ್ಲು ಹಾಕೋರಿಗೆ ಇನ್ನೇನು ಬೇಕು? ಹತ್ತಿ ತರೋದಕ್ಕೆ ರೈಲು, ಬಾಯ್ಲರ್‌ಗೆ ನೀರು, ಅಗ್ಗದ ಜಾಗ, ನಡೆದು ಬರುವಷ್ಟು ಹತ್ತಿರದಲ್ಲಿ ಕೆಲಸ ಬಲ್ಲ ಜನ.

1884: ಹೊಗೆ ಕೊಳವೆ ಎದ್ದಿತು

1884ರಲ್ಲಿ ‘ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್’ ಅನ್ನೋ ಕಂಪನಿ ಹುಟ್ಟಿತು. ಹೆಸರಲ್ಲೇ ಉಣ್ಣೆ, ಹತ್ತಿ, ರೇಷ್ಮೆ ಮೂರೂ ಇವೆ. ಎರಡು ವರ್ಷದಲ್ಲಿ, 1886ರಲ್ಲಿ, ಅದರ ಆಡಳಿತ ಮದ್ರಾಸಿನ ಬಿನ್ನಿ ಅಂಡ್ ಕಂಪನಿಗೆ ಹೋಯ್ತು. ಮದ್ರಾಸಿನ ಪೆರಂಬೂರಿನಲ್ಲಿದ್ದ ಪ್ರಸಿದ್ಧ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳೂ ಇದೇ ಬಿನ್ನಿಯವರವು. ಅಂದಿನಿಂದ ಜನರ ಬಾಯಲ್ಲಿ ಅದು ಬಿನ್ನಿ ಮಿಲ್ಲು. ಸುತ್ತ ಬೆಳೆದ ವಸತಿ ಬಿನ್ನಿಪೇಟೆ.

ಅದೇ ದಶಕದಲ್ಲಿ ಹುಟ್ಟಿದ ಇನ್ನೊಂದು ದೊಡ್ಡ ಮಿಲ್ಲು ‘ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್’. ಜನರ ಬಾಯಲ್ಲಿ ರಾಜಾ ಮಿಲ್ಲು. ಅದೂ ರೈಲು ಹಳಿಗೆ ಹತ್ತಿರ, ಇವತ್ತಿನ ಮಲ್ಲೇಶ್ವರದ ಸಂಪಿಗೆ ರಸ್ತೆ ಶುರುವಾಗೋ ಕಡೆ.

ಇದನ್ನ ಮ್ಯಾಂಚೆಸ್ಟರ್ ಜೊತೆ ಹೋಲಿಸಬೇಡಿ. ಆ ಹೊತ್ತಿಗೆ ಮ್ಯಾಂಚೆಸ್ಟರ್‌ನಲ್ಲಿ ಮಿಲ್ಲುಗಳ ಕಾಡೇ ಇತ್ತು. ಬೊಂಬಾಯಿಯಲ್ಲೂ 1854ರಲ್ಲೇ ಮೊದಲ ಮಿಲ್ಲಿನ ಕಂಪನಿ ಹುಟ್ಟಿತ್ತು. ಬೆಂಗಳೂರಿನದು ಬೆರಳೆಣಿಕೆ ಮಿಲ್ಲುಗಳ ಸಣ್ಣ ಕಥೆ. ಆದರೆ 80 ಸಾವಿರ ಜನರ ಪೇಟೆಯ ಪಕ್ಕ ಹೀಗೆ ಒಂದೆರಡು ಮಿಲ್ಲು ಬಂದರೂ ಊರಿನ ದಿನಚರಿಯೇ ಬದಲಾಗುತ್ತೆ.

ಮಿಲ್ಲಿನೊಳಗೆ ಏನಾಗುತ್ತಿತ್ತು?

ಇದನ್ನ ಸರಳವಾಗಿ ಹೇಳ್ತೀನಿ. ಹತ್ತಿ ಮೂಟೆಯಲ್ಲಿ ಬರುತ್ತೆ. ಅದನ್ನ ಬಿಡಿಸಿ, ಕಸ ತೆಗೆದು, ಹಿಂಜಬೇಕು. ಹಿಂಜಿದ ಅರಳೆಯನ್ನ ಎಳೆ ಎಳೆಯಾಗಿ ಎಳೆದು ತಿರುಚಿದರೆ ನೂಲು. ಉದ್ದಕ್ಕೆ ಹಾಕುವ ನೂಲು ಹಾಸು, ಅಡ್ಡಕ್ಕೆ ಹಾಕುವ ನೂಲು ಹೊಕ್ಕು. ಹಾಸಿನ ನೂಲು ಹರಿಯದಿರಲಿ ಅಂತ ಗಂಜಿ ಹಚ್ತಾರೆ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಾ ಹೊಕ್ಕನ್ನ ಹಾಸಿನೊಳಗೆ ಸೇರಿಸುತ್ತೆ. ‘ಹಾಸುಹೊಕ್ಕಾಗಿದೆ’ ಅಂತ ನಾವು ಮಾತಿಗೆ ಹೇಳ್ತೀವಲ್ಲ, ಆ ಮಾತು ಬಂದದ್ದೇ ಮಗ್ಗದಿಂದ.

ಪೇಟೆಯ ಮನೆಯಲ್ಲಿ ಈ ಎಲ್ಲ ಕೆಲಸವನ್ನ ಒಂದೇ ಕುಟುಂಬ ಮಾಡ್ತಿತ್ತು. ಮಿಲ್ಲಿನಲ್ಲಿ ಒಂದೊಂದು ಹಂತಕ್ಕೆ ಒಂದೊಂದು ಹಾಲು, ಒಂದೊಂದು ಯಂತ್ರ, ಒಬ್ಬೊಬ್ಬ ಕೆಲಸಗಾರ. ಎಲ್ಲವನ್ನೂ ಓಡಿಸೋದು ಉಗಿ ಎಂಜಿನ್. ಎಂಜಿನ್ ಶುರುವಾದ್ರೆ ಎಲ್ಲರೂ ಒಟ್ಟಿಗೆ ಶುರು. ಹೀಗೆ ಗಡಿಯಾರದ ಸಮಯ ದುಡಿಯುವವರ ಬದುಕಿಗೆ ಬಂತು. ಅಲ್ಲಿವರೆಗೆ ಹೊತ್ತು ಹುಟ್ಟೋದು, ಹೊತ್ತು ಮುಳುಗೋದು ಅಷ್ಟೇ ಲೆಕ್ಕ. ಈಗ ಮಿಲ್ಲಿನ ಕೂಗು ಕೇಳಿದ ಮೇಲೆ ಗೇಟು ಮುಟ್ಟಿದ್ರೆ ಕೂಲಿಗೆ ಕತ್ತರಿ.

ಹಾಗಾದ್ರೆ ಕೈಮಗ್ಗ ಸತ್ತೇ ಹೋಯ್ತಾ? ಇಲ್ಲ. ಇಲ್ಲೊಂದು ಸ್ವಾರಸ್ಯ ಇದೆ. ಮಿಲ್ಲು ಮೊದಲು ಹೊಡೆದದ್ದು ಕೈಯಲ್ಲಿ ನೂಲುವವರ ಹೊಟ್ಟೆಗೆ. ರಾಟೆ ಹಿಡಿದು ನೂಲೋ ಕೆಲಸ ಹೆಚ್ಚಾಗಿ ಹೆಂಗಸರದು. ವಿಲಾಯತಿ ನೂಲು, ಆಮೇಲೆ ದೇಶಿ ಮಿಲ್ಲಿನ ನೂಲು ಅಗ್ಗವಾಗಿ ಸಿಕ್ಕಿದಾಗ ಆ ಆದಾಯ ಹೋಯ್ತು. ನೇಕಾರ ಮಾತ್ರ ಅದೇ ಮಿಲ್ಲಿನ ನೂಲನ್ನ ಕೊಂಡು ಕೈಮಗ್ಗದಲ್ಲಿ ಸೀರೆ ನೇಯ್ದು ಉಳಿದ. ಅಂಚು, ಸೆರಗು, ಜರಿ ಇರೋ ಸೀರೆಯನ್ನ ಆಗಿನ ಯಂತ್ರ ಅಷ್ಟು ಚೆನ್ನಾಗಿ ನೇಯ್ತಿರಲಿಲ್ಲ. ಹಾಗಾಗಿ ಮಿಲ್ಲು ಮತ್ತು ಮಗ್ಗ ಒಂದೇ ಊರಲ್ಲಿ ಅಕ್ಕಪಕ್ಕ ಬದುಕಿದವು. ಹೊಸ ಯಂತ್ರ ಬಂದಾಗ ‘ಎಲ್ಲರ ಕೆಲಸ ಹೋಗುತ್ತೆ’ ಅಂತಾನೋ ‘ಯಾರ ಕೆಲಸವೂ ಹೋಗಲ್ಲ’ ಅಂತಾನೋ ಹೇಳೋರಿಗೆ ಇದೇ ಉತ್ತರ. ಯಾರ ಕೆಲಸ ಹೋಗುತ್ತೆ ಅನ್ನೋದೇ ನಿಜವಾದ ಪ್ರಶ್ನೆ.

ಮಿಲ್ಲಿಗೆ ಸೇರೋರು ಯಾರು? ಬರದಲ್ಲಿ ಹೊಲ ಕಳ್ಕೊಂಡವರು, ಮಗ್ಗ ನಡೆಸಲಾಗದವರು, ತಮಿಳು, ತೆಲುಗು ಸೀಮೆಯಿಂದ ಬಂದವರು, ಹಳ್ಳಿಯಲ್ಲಿ ಜಾತಿಯ ಕಾರಣಕ್ಕೆ ನೆಲೆ ಇಲ್ಲದವರು. ಕಾಟನ್‌ಪೇಟೆ, ಬಿನ್ನಿಪೇಟೆ, ಓಕಳಿಪುರ, ಶ್ರೀರಾಂಪುರಗಳಲ್ಲಿ ಇಂದಿಗೂ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕೇಳುತ್ತೆ ಅಲ್ವಾ? ಅದಕ್ಕೆ ಮಿಲ್ಲಿನ ಗೇಟೂ ಒಂದು ಕಾರಣ.

ಕಾನೂನಿನ ರಕ್ಷಣೆ ಇತ್ತಾ? ಬ್ರಿಟಿಷ್ ಇಂಡಿಯಾದಲ್ಲಿ 1881ರಲ್ಲಿ ಮೊದಲ ಕಾರ್ಖಾನೆ ಕಾಯ್ದೆ ಬಂತು. ಅದು ಹೇಳಿದ್ದಿಷ್ಟು: 7 ವರ್ಷಕ್ಕಿಂತ ಸಣ್ಣ ಮಕ್ಕಳನ್ನ ದುಡಿಸಬಾರದು, 7ರಿಂದ 12 ವರ್ಷದವರನ್ನ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಒಮ್ಮೆ ಯೋಚಿಸಿ, ಎರಡನೇ ಕ್ಲಾಸಿನ ಮಗುವಿಗೆ 9 ಗಂಟೆ ಕೆಲಸ, ಅದೂ ಸುಧಾರಣೆ ಅನ್ನೋ ಹೆಸರಲ್ಲಿ! ದೊಡ್ಡವರ ಕೆಲಸದ ಹೊತ್ತಿಗೆ ಆ ಕಾಯ್ದೆಯಲ್ಲಿ ಮಿತಿಯೇ ಇರಲಿಲ್ಲ. ಮೇಲಾಗಿ ಅದು ಬ್ರಿಟಿಷ್ ಪ್ರಾಂತ್ಯಗಳ ಕಾನೂನು. ಪೇಟೆ ಇದ್ದದ್ದು ಮಹಾರಾಜರ ಸಂಸ್ಥಾನದಲ್ಲಿ. ಹತ್ತಿ ಧೂಳು ವರ್ಷಗಟ್ಟಲೆ ಎದೆಗೆ ಹೋಗಿ ಬರುವ ಉಸಿರಾಟದ ಕಾಯಿಲೆಗೆ ವೈದ್ಯರು ಇಟ್ಟಿರೋ ಹೆಸರು ಬಿಸಿನೋಸಿಸ್. ಮಿಲ್ಲಿನವರಿಗೆ ಅದು ಬರೀ ‘ದಮ್ಮು’.

1898: ರೈಲಲ್ಲಿ ಬಂದ ಪ್ಲೇಗ್

ಹತ್ತಿ ತಂದ ರೈಲೇ ಕಾಯಿಲೆಯನ್ನೂ ತಂದಿತು. ಬೊಂಬಾಯಿಯಲ್ಲಿ 1896ರಲ್ಲಿ ಕಾಣಿಸಿದ ಪ್ಲೇಗ್ 1898ರಲ್ಲಿ ಬೆಂಗಳೂರು ಮುಟ್ಟಿತು. ಇಲಿ, ಇಲಿಯ ಮೈಮೇಲಿನ ಚಿಗಟ, ಚಿಗಟದಿಂದ ಮನುಷ್ಯ. ಈ ಸರಪಳಿ ಆಗ ಜನರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಕಾಳು ಕಡಿ ತುಂಬಿದ, ಗಾಳಿ ಬೆಳಕಿಲ್ಲದ, ಜನ ಒತ್ತಾಗಿರೋ ಮನೆಗಳಲ್ಲಿ ಸಾವು ಹೆಚ್ಚು.

1891ರಲ್ಲಿ ಎರಡೂ ಊರು ಸೇರಿ 1,80,366 ಇದ್ದ ಜನ 1901ರಲ್ಲಿ 1,59,046ಕ್ಕೆ ಇಳಿದರು. ಸತ್ತವರೂ ಇದ್ದಾರೆ, ಊರು ಬಿಟ್ಟು ಓಡಿದವರೂ ಇದ್ದಾರೆ. ಬೆಂಗಳೂರಲ್ಲಿ ಪ್ಲೇಗಮ್ಮನ ಗುಡಿಗಳು ಇರೋದು ಈ ಭಯದ ನೆನಪಿಗೆ.

ಪ್ಲೇಗ್ ನಂತರ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿದವು. ಅಗಲ ರಸ್ತೆ, ಮನೆ ಹಿಂದೆ ಸಂದು, ಗಾಳಿ ಬೆಳಕು. ಆದರೆ ಅಲ್ಲಿ ಮನೆ ಕಟ್ಟೋ ಶಕ್ತಿ ಇದ್ದದ್ದು ಹೆಚ್ಚಾಗಿ ಸರ್ಕಾರಿ ನೌಕರರಿಗೆ, ವರ್ತಕರಿಗೆ. ಮಿಲ್ಲಿನ ಕೂಲಿಯವರು ಮಿಲ್ಲಿಗೆ ನಡೆದು ಹೋಗುವಷ್ಟು ದೂರದಲ್ಲೇ, ಒತ್ತೊತ್ತಾದ ಸಾಲುಮನೆಗಳಲ್ಲೇ ಉಳಿದರು. ಸಂಪಿಗೆ ರಸ್ತೆಯ ಒಂದು ತುದಿಯಲ್ಲಿ ಮಿಲ್ಲು, ಇನ್ನೊಂದು ಕಡೆ ಅಚ್ಚುಕಟ್ಟಾದ ಮಲ್ಲೇಶ್ವರ. ನಡುವಿನ ದೂರ ಕಾಲ್ನಡಿಗೆಯದು. ಬದುಕಿನ ದೂರ ಬೇರೆ.

ಹೊಸ ಬಡಾವಣೆಗಳ ಜೊತೆಗೇ ಊರಿನ ಸೌಕರ್ಯಗಳೂ ಬೆಳೆದವು. ಹೆಸರಘಟ್ಟ ಕೆರೆಯ ನೀರು 1896ರಲ್ಲಿ ಕೊಳವೆಯಲ್ಲಿ ಊರಿಗೆ ಬಂತು. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಬಿದ್ದು, 1900ರಲ್ಲಿ ಬಾಗಿಲು ತೆರೆಯಿತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಗಿ, 1905ರಲ್ಲಿ ಬೆಂಗಳೂರಿಗೆ ಬಂತು. ಕರೆಂಟು ಬಂದ ಮೇಲೆ ಯಂತ್ರ ಓಡಿಸೋದಕ್ಕೆ ದೊಡ್ಡ ಬಾಯ್ಲರೇ ಬೇಕು ಅಂತಿಲ್ಲ. ಒಂದು ಮೋಟಾರು ಸಾಕು. ಮಿಲ್ಲಿನ ಗೋಡೆಯೊಳಗಿದ್ದ ಯಂತ್ರ ಸಣ್ಣ ಶೆಡ್ಡಿಗೆ, ಮನೆ ಮುಂದಿನ ಕೋಣೆಗೆ ಬಂತು. ಮುಂದಿನ ಕಥೆಗೆ ಇದೇ ಕೀಲಿ.

ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕೆಗೆ

ಸ್ವಾತಂತ್ರ್ಯ ಬಂತು. ಮಿಲ್ಲುಗಳಾಚೆ, ಇನ್ನೂ ಪಶ್ಚಿಮಕ್ಕೆ, ಹೊಲಗಳಿದ್ದ ಕಡೆ 1949ರಲ್ಲಿ ಒಂದು ಕೈಗಾರಿಕಾ ಉಪನಗರಕ್ಕೆ ಅಡಿಗಲ್ಲು ಬಿತ್ತು. ಹಾಕಿದವರು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ. ಜನ ಪ್ರೀತಿಯಿಂದ ರಾಜಾಜಿ ಅಂತಿದ್ರು. ಹಾಗಾಗಿ ರಾಜಾಜಿನಗರ. ಅಂದರೆ ಈ ಬಡಾವಣೆಯ ಮೂಲ ಯೋಚನೆಯೇ ಕಾರ್ಖಾನೆ ಮತ್ತು ದುಡಿಯೋರ ಮನೆ ಅಕ್ಕಪಕ್ಕ ಇರಲಿ ಅನ್ನೋದು. ‘ಇಂಡಸ್ಟ್ರಿಯಲ್ ಟೌನ್’ ಅನ್ನೋ ಹೆಸರು ರಾಜಾಜಿನಗರದಲ್ಲಿ ಇವತ್ತಿಗೂ ಇದೆ. ಮಹಾರಾಜರ ಕಾಲದ ಸರ್ಕಾರಿ ಸೋಪು ಕಾರ್ಖಾನೆ, ನಮ್ಮ ಮೈಸೂರು ಸ್ಯಾಂಡಲ್ ಸೋಪಿನದ್ದು, 1957ರಲ್ಲಿ ಈ ಕಡೆಗೇ ಬಂತು.

ಆಮೇಲೆ ಕಾರ್ಡ್ ರಸ್ತೆ ದಾಟಿ ಬಸವೇಶ್ವರನಗರ, ಮಾಗಡಿ ರಸ್ತೆಗುಂಟ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಇತ್ತ ವಿಜಯನಗರ ಬೆಳೆದವು. ಕಾಮಾಕ್ಷಿಪಾಳ್ಯದ ಒಳ ರಸ್ತೆಗೆ ಹೋಗಿ ನೋಡಿ. ಒಂದು ಶೆಡ್ಡಿನಲ್ಲಿ ಲೇತು, ಪಕ್ಕದಲ್ಲಿ ಪ್ರೆಸ್ಸು, ಅದರಾಚೆ ಪೌಡರ್ ಕೋಟಿಂಗು, ಇನ್ನೊಂದರಲ್ಲಿ ಡೈ ಮಾಡೋರು. ದೊಡ್ಡ ಕಾರ್ಖಾನೆಗೆ ಬೇಕಾದ ಒಂದು ಸಣ್ಣ ಭಾಗವನ್ನ ಒಂದು ಶೆಡ್ಡು ಕಡೆದು, ಇನ್ನೊಂದು ತೂತು ಹಾಕಿ, ಮತ್ತೊಂದು ಬಣ್ಣ ಹೊಡೆದು ಕೊಡುತ್ತೆ. ಇದನ್ನೇ ಜಾಬ್ ವರ್ಕ್ ಅಂತಾರೆ. ಗಮನಿಸಿದ್ರಾ? ಇದು ಹಳೇ ಪೇಟೆಯದೇ ಪದ್ಧತಿ. ಒಂದು ಬೀದಿ, ಒಂದು ಕಸುಬು. ಮುಂದೆ ಯಂತ್ರ, ಮೇಲೆ ಮನೆ.

ಮಿಲ್ಲಿನಿಂದ ಮಾಲಿಗೆ

ಇತ್ತ ಹಳೇ ಮಿಲ್ಲುಗಳು ಸೊರಗಿದವು. ಯಂತ್ರ ಹಳತಾಯ್ತು, ಪವರ್‌ಲೂಮ್ ಬಟ್ಟೆ ಅಗ್ಗವಾಯ್ತು, ಸಾಲ ಬೆಳೆಯಿತು. 1974ರಲ್ಲಿ ಕೇಂದ್ರ ಸರ್ಕಾರ ದೇಶದ ಹಲವು ರೋಗಗ್ರಸ್ತ ಬಟ್ಟೆ ಮಿಲ್ಲುಗಳನ್ನ ರಾಷ್ಟ್ರೀಕರಣ ಮಾಡ್ತು. ಅದರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಲೂ ಒಂದು. ಕಾನೂನು ಓದೋರಿಗೆ ಈ ಹೆಸರು ಬಾಯಿಪಾಠ. 1980ರ ‘ಮಿನರ್ವ ಮಿಲ್ಸ್’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಸಂವಿಧಾನ ತಿದ್ದುವ ಅಧಿಕಾರ ಸಂಸತ್ತಿಗೆ ಇದೆ, ಆದರೆ ಅದಕ್ಕೆ ಮಿತಿ ಇದೆ, ಮೂಲ ಸ್ವರೂಪ ಕೆಡಿಸೋ ಹಾಗಿಲ್ಲ. ಇಡೀ ದೇಶಕ್ಕೆ ಪಾಠವಾದ ಆ ತೀರ್ಪಿನ ಹೆಸರು ನಮ್ಮೂರಿನ ಒಂದು ಬಟ್ಟೆ ಮಿಲ್ಲಿನದು.

ಬಿನ್ನಿ ಮಿಲ್ಲೂ ಕೊನೆಗೆ ಮುಚ್ಚಿತು. ಖಾಲಿ ಶೆಡ್ಡುಗಳಲ್ಲಿ ಕೆಲವು ಕಾಲ ಸಿನಿಮಾ ಶೂಟಿಂಗ್ ನಡೆಯಿತು. ಹೀರೋ, ವಿಲನ್ ಹೊಡೆದಾಡಿದ ಎಷ್ಟೋ ದೃಶ್ಯಗಳ ಹಿಂದಿನ ಗೋಡೆ ಅದೇ. ಈಗ ಅಲ್ಲಿ ಅಪಾರ್ಟ್‌ಮೆಂಟು, ಮಾಲು. ರಾಜಾ ಮಿಲ್ಲಿದ್ದ ಜಾಗದಲ್ಲಿ ಮಂತ್ರಿ ಮಾಲ್. ರಾಜಾಜಿನಗರದ ಒರಾಯನ್ ಮಾಲ್ ಇರೋ ಜಾಗದಲ್ಲಿ ಮೊದಲು ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇತ್ತು.

ಮಾಲು ಕೆಟ್ಟದ್ದು ಅಂತ ಹೇಳ್ತಿಲ್ಲ. ಅಲ್ಲೂ ನೂರಾರು ಜನ ದುಡೀತಾರೆ: ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಸೇಲ್ಸ್. ಪ್ರಶ್ನೆ ಬೇರೆ. ಜಾಗದ ಬೆಲೆ ಕೆಲಸದ ಬೆಲೆಗಿಂತ ಹೆಚ್ಚಾದಾಗ ಕೆಲಸ ಹೋಗುತ್ತೆ, ಜಾಗ ಉಳಿಯುತ್ತೆ. ಮಿಲ್ಲಿನ ಜಮೀನಿಗೆ ಬಂದ ಬೆಲೆಯ ಹಿಂದೆ, ಅದರ ಸುತ್ತ ಊರು ಬೆಳೆಸಿದ ಮೂರು ನಾಲ್ಕು ತಲೆಮಾರಿನ ದುಡಿಮೆ ಇದೆ. ಬೆಲೆ ಬಂದಾಗ ಅವರು ಲೆಕ್ಕದಲ್ಲಿ ಇರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ: ವೃಷಭಾವತಿ. ಪಶ್ಚಿಮ ಬೆಂಗಳೂರಿನ ಈ ನದಿ ಮೈಸೂರು ರಸ್ತೆಗುಂಟ ನಾಯಂಡಹಳ್ಳಿ, ಕೆಂಗೇರಿ ದಾಟಿ ಅರ್ಕಾವತಿ ಸೇರಿ, ಅಲ್ಲಿಂದ ಕಾವೇರಿಗೆ ಹೋಗುತ್ತೆ. ಮನೆಗಳ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ಎರಡನ್ನೂ ಹೊತ್ತು ಈಗ ಅದು ಕಪ್ಪು ಮೋರಿ. ಊರು ಸಂಪಾದಿಸಿದ್ದು ಇಲ್ಲಿ. ಅದರ ಕೊಳೆ ಕುಡಿಯೋದು ಕೆಳಗಿನ ಬೈರಮಂಗಲದ ಕಡೆಯ ಹೊಲಗಳು.

ನಿಮ್ಮ ಸಂಬಳದ ಚೀಟಿಯಲ್ಲಿರೋ ಇತಿಹಾಸ

‘ಇದೆಲ್ಲ ನಮಗ್ಯಾಕೆ?’ ಅನ್ನಿಸಿದ್ರೆ ಇದನ್ನ ಕೇಳಿ. ರಾಜಾಜಿನಗರದಲ್ಲಿ ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ ಅಲ್ವಾ? ಅದು ಅಲ್ಲೇ ಇರೋದು ಯಾಕೆ ಅಂದ್ರೆ, ಇದು ಕಾರ್ಮಿಕರ ಪ್ರದೇಶ. 1884ರಲ್ಲಿ ಮಿಲ್ಲಿನಲ್ಲಿ ಕೈ ಹೋದರೆ ಕೆಲಸವೂ ಹೋಗುತ್ತಿತ್ತು. 1948ರಲ್ಲಿ ಇಎಸ್‌ಐ ಕಾಯ್ದೆ ಬಂದ ಮೇಲೆ, ಕಾಯಿಲೆ, ಹೆರಿಗೆ, ಅಪಘಾತಕ್ಕೆ ವಿಮೆ ಅನ್ನೋದು ಹಕ್ಕಾಯ್ತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಇದು ಅನ್ವಯ. 2019ರ ಜುಲೈನಿಂದ ಉದ್ಯೋಗಿಯ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಅಂತ ಸಣ್ಣ ಕಡಿತ ಇದ್ದರೆ, ಅದರ ಹಿಂದೆ ಈ ಇಡೀ ಇತಿಹಾಸ ಇದೆ.

ಆದರೆ ಸಾಮಾನ್ಯವಾಗಿ 10 ಜನ ಕೆಲಸಗಾರರು ಇದ್ದರೆ ಮಾತ್ರ ಇದು ಕಡ್ಡಾಯ. ನಾಲ್ಕೈದು ಜನರ ಲೇತು ಶೆಡ್ಡಿನ ಹುಡುಗನಿಗೆ? ಬೈಕಲ್ಲಿ ಊಟ ತರೋ ಹುಡುಗನಿಗೆ? 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಪ್ರತ್ಯೇಕ ಕಾನೂನು ತಂದಿದೆ. ಮಿಲ್ಲಿನ ಕೂಗಿನ ಬದಲು ಈಗ ಆಪ್‌ನ ನೋಟಿಫಿಕೇಶನ್. ತಡವಾದ್ರೆ ಅಲ್ಲೂ ಕತ್ತರಿ. ಯಂತ್ರ ಬಂದು ಎಷ್ಟೋ ವರ್ಷದ ಮೇಲೆ ಕಾನೂನು ಬರುತ್ತೆ. ಆ ನಡುವಿನ ಹೊತ್ತಲ್ಲಿ ದುಡಿದವರು ಅದರ ಬೆಲೆ ಕಟ್ಟುತ್ತಾರೆ. ಇದು ಆಗಲೂ ನಿಜ, ಈಗಲೂ ನಿಜ.

ಪಶ್ಚಿಮ ಬೆಂಗಳೂರಿನಲ್ಲಿ ಇನ್ನೂ ಸಾವಿರಾರು ಸಣ್ಣ ಶೆಡ್ಡುಗಳು ಉಳಿದಿವೆ. ಬಾಡಿಗೆ ಏರಿದ ಹಾಗೆ ಒಂದೊಂದೇ ಊರಾಚೆಗೆ ಹೋಗ್ತಿವೆ. ಹೋದಾಗ ಮಾಲೀಕನಿಗೆ ಜಾಗದ ದುಡ್ಡು ಬರುತ್ತೆ. ಟರ್ನರ್‌ಗೆ, ಫಿಟ್ಟರ್‌ಗೆ, ಶೆಡ್ಡಿನ ಎದುರು ಟೀ ಮಾರೋ ಅಮ್ಮನಿಗೆ? ಬಿನ್ನಿಯ ಕಾಲದಲ್ಲಿ ಈ ಪ್ರಶ್ನೆಯನ್ನ ಸಮಯಕ್ಕೆ ಸರಿಯಾಗಿ ಯಾರೂ ಜೋರಾಗಿ ಕೇಳಲಿಲ್ಲ.

ನಿಮ್ಮ ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ ಯಾರಾದ್ರೂ ಮಿಲ್ಲಿನಲ್ಲೋ, ಸೋಪು ಕಾರ್ಖಾನೆಯಲ್ಲೋ, ಶೆಡ್ಡಿನಲ್ಲೋ ದುಡಿದವರಿದ್ರೆ ಅವರ ಹತ್ರ ಕೂತ್ಕೊಂಡು ಕೇಳಿ. ಯಾವ ಖಾತೆ, ಎಷ್ಟು ಹೊತ್ತಿನ ಪಾಳಿ, ಮೊದಲ ಸಂಬಳ ಎಷ್ಟು, ಮುಚ್ಚಿದ ದಿನ ಏನಾಯ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಕಂಪನಿಯ ಹೆಸರನ್ನ ಪೇಟೆ ನೆನಪಿಟ್ಟುಕೊಂಡಿದೆ. ದುಡಿದವರ ಹೆಸರನ್ನ ನಾವೇ ನೆನಪಿಟ್ಟುಕೊಳ್ಳಬೇಕು.